ಲ್ಯಾಪ್‌ಟಾಪ್ ಪರದೆಯ ನೋಟದ ಕೋನ ಮತ್ತು ಕಣ್ಣಿನ ನೆಮ್ಮದಿ: ದಾವಣಗೆರೆ, ಚಿತ್ರದುರ್ಗದ ಬಳಕೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಡಿಗೆ ಕೋಣೆಯಲ್ಲಿ ಓದುವ ಎಂಜಿನಿಯರಿಂಗ್ ವಿದ್ಯಾರ್ಥಿ, ಎಪಿಎಂಸಿ ಮಂಡಿಯಲ್ಲಿ ಮೆಕ್ಕೆಜೋಳದ ಲೆಕ್ಕ ಬರೆಯುವ ಗುಮಾಸ್ತ, ನ್ಯಾಯಾಲಯದ ಎದುರು ಅರ್ಜಿ ಟೈಪು ಮಾಡಿಕೊಡುವವರು, ಸ್ಪರ್ಧಾತ್ಮಕ ಪರೀಕ್ಷೆಗೆ ರಾತ್ರಿಯೆಲ್ಲ ಪಿಡಿಎಫ್ ತಿರುವುವವರು, ಇವರೆಲ್ಲ ಒಂದೇ ದೂರನ್ನು ಬೇರೆ ಬೇರೆ ಮಾತಿನಲ್ಲಿ ಹೇಳುತ್ತಾರೆ: ಸಂಜೆಯ ಹೊತ್ತಿಗೆ ಕಣ್ಣುರಿ, ಹಣೆ ಭಾರ, ಕತ್ತು ಬಿಗಿತ. ಇದಕ್ಕೆ ಕಾರಣ ಕಣ್ಣಿನಲ್ಲೇ ಇದೆಯೆಂದು ಬಗೆದು ಹಲವರು ಮೊದಲು ಕನ್ನಡಕದ ಅಂಗಡಿಗೆ ಹೋಗುತ್ತಾರೆ. ಅದು ತಪ್ಪಲ್ಲ. ಆದರೆ ಪರದೆ ಯಾವ ಬಗೆಯದು, ಅದು ಯಾವ ಕೋನದಲ್ಲಿ ನಿಂತಿದೆ, ಕೋಣೆಯ ಬೆಳಕು ಎತ್ತಣಿಂದ ಬೀಳುತ್ತಿದೆ ಎಂಬ ಮೂರನ್ನು ನೋಡದೆ ದುಡ್ಡು ಖರ್ಚು ಮಾಡಬಾರದೆಂಬುದು ಈ ಪುಟದ ನಿಲುವು.

ಪರದೆಯನ್ನು ಸ್ವಲ್ಪ ವಾಲಿಸಿದ ಕೂಡಲೇ ಬಣ್ಣ ಬದಲಾಗುವುದೇಕೆ?

ಎಲ್‌ಸಿಡಿ ಪರದೆ ತಾನಾಗಿ ಬೆಳಗುವುದಿಲ್ಲ. ಹಿಂಬದಿಯ ಎಲ್‌ಇಡಿ ದೀಪದ ಬೆಳಕನ್ನು ಮುಂದಿರುವ ದ್ರವಸ್ಫಟಿಕದ ತೆಳುಪದರವು ಎಷ್ಟು ಬೇಕೋ ಅಷ್ಟೇ ಹೊರಬಿಡುತ್ತದೆ, ಮತ್ತು ಆ ಪದರದ ಉದ್ದನೆಯ ಅಣುಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬುದನ್ನು ಈ ಪ್ರಮಾಣ ಅವಲಂಬಿಸಿರುತ್ತದೆ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಬಹುಕಾಲ ಬಳಕೆಯಾದದ್ದು ಟಿಎನ್, ಅಂದರೆ ಟ್ವಿಸ್ಟೆಡ್ ನೆಮ್ಯಾಟಿಕ್ ಪ್ಯಾನೆಲ್. ಸ್ವಿಟ್ಜರ್ಲೆಂಡಿನ ಹಾಫ್‌ಮನ್-ಲಾ ರೋಶ್ ಸಂಸ್ಥೆಯಲ್ಲಿ ಮಾರ್ಟಿನ್ ಶಾಡ್ಟ್ ಮತ್ತು ವೋಲ್ಫ್‌ಗ್ಯಾಂಗ್ ಹೆಲ್‌ಫ್ರಿಖ್ 1970ರಲ್ಲಿ ಪೇಟೆಂಟಿಗೆ ಸಲ್ಲಿಸಿದ ವಿಧಾನವಿದು. ಇದರಲ್ಲಿ ಅಣುಗಳು ಒಂದು ಗಾಜಿನಿಂದ ಇನ್ನೊಂದು ಗಾಜಿನವರೆಗೆ 90 ಡಿಗ್ರಿ ತಿರುಚಿಕೊಂಡು ಮಲಗಿರುತ್ತವೆ. ವಿದ್ಯುತ್ ಕೊಟ್ಟಾಗ ಎದ್ದು ನಿಲ್ಲುತ್ತವೆ. ಅಚ್ಚ ಬಿಳಿಯಲ್ಲಿ ತೊಂದರೆ ಅಷ್ಟಾಗಿ ಕಾಣದು. ನಡುವಿನ ಬೂದು ಛಾಯೆಗಳಿಗಾಗಿ ಅಣುಗಳೆಲ್ಲವೂ ಒಂದೇ ಕಡೆಗೆ ಅರ್ಧ ಬಾಗಿ ನಿಂತಾಗ ಮಾತ್ರ ಮೇಲಿನಿಂದ ನೋಡುವವನಿಗೆ ಅವುಗಳ ಒಂದು ಮಗ್ಗುಲೂ ಕೆಳಗಿನಿಂದ ನೋಡುವವನಿಗೆ ಇನ್ನೊಂದು ಮಗ್ಗುಲೂ ಎದುರಾಗುತ್ತದೆ.

ಚನ್ನಗಿರಿ ಕಡೆಯ ಅಡಿಕೆ ತೋಟದಲ್ಲಿ ಸಾಲಿನ ನೇರಕ್ಕೆ ನಿಂತವನಿಗೆ ತೋಟದ ಆಚೆಯ ಬೇಲಿ ಕಾಣುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಮರಗಳ ಗೋಡೆಯೇ ಅಡ್ಡ ಬರುತ್ತದೆ. ತೋಟ ಬದಲಾಗಿಲ್ಲ, ನಿಂತ ಜಾಗ ಬದಲಾಗಿದೆ. ಟಿಎನ್ ಪರದೆಯಲ್ಲಿ ಆಗುವುದೂ ಇಷ್ಟೇ, ಆದುದರಿಂದಲೇ ಅದನ್ನು ಮೇಲಿನಿಂದ ನೋಡಿದರೆ ಚಿತ್ರ ಬಿಳಿಚಿಕೊಳ್ಳುತ್ತದೆ, ಕೆಳಗಿನಿಂದ ನೋಡಿದರೆ ಕಪ್ಪಾಗಿ, ಕೊನೆಗೆ ಫೋಟೋದ ನೆಗೆಟಿವ್‌ನಂತೆ ತಲೆಕೆಳಗಾಗುತ್ತದೆ.

1990ರ ದಶಕದ ನಡುವಿನಲ್ಲಿ ಜಪಾನಿನ ಹಿಟಾಚಿ ಮಾರುಕಟ್ಟೆಗೆ ತಂದ ಐಪಿಎಸ್, ಅಂದರೆ ಇನ್-ಪ್ಲೇನ್ ಸ್ವಿಚಿಂಗ್ ವಿಧಾನದಲ್ಲಿ ಅಣುಗಳು ಏಳುವುದಿಲ್ಲ. ಗಾಜಿಗೆ ಸಮಾನಾಂತರವಾಗಿಯೇ ಮಲಗಿ, ಮಲಗಿದಲ್ಲೇ ತಿರುಗುತ್ತವೆ. ಹೀಗಾಗಿ ಎಡ, ಬಲ, ಮೇಲೆ, ಕೆಳಗೆ ಎಲ್ಲಿಂದ ನೋಡಿದರೂ ನೋಟದಲ್ಲಿ ಹೆಚ್ಚಿನ ಅಂತರ ಬೀಳುವುದಿಲ್ಲ. ವಿಎ ಎಂಬ ಮೂರನೆಯ ಬಗೆ ಟಿವಿಗಳಲ್ಲಿ ಸಾಮಾನ್ಯ, ಲ್ಯಾಪ್‌ಟಾಪ್‌ಗಳಲ್ಲಿ ಅಪರೂಪ.

ನೆಟ್ಟಗೆ ಎದುರಿಗೇ ಕೂತಿದ್ದರೂ ಪರದೆಯ ಮೇಲ್ಭಾಗ ಕಪ್ಪಾಗಿ, ಕೆಳಭಾಗ ಬಿಳಿಚಿಕೊಂಡು ಕಾಣುತ್ತದೆ. ಪರದೆ ಕೆಟ್ಟಿದೆಯೇ?

ಕೆಟ್ಟಿಲ್ಲ. ಎದುರಿಗೆ ಕೂತಾಗ ಕಣ್ಣು ಇಡೀ ಪರದೆಯನ್ನು ಒಂದೇ ಕೋನದಲ್ಲಿ ನೋಡುತ್ತದೆ ಎಂದು ನಾವು ಭಾವಿಸುತ್ತೇವೆ, ವಾಸ್ತವ ಹಾಗಿಲ್ಲ. 15.6 ಇಂಚಿನ ಪರದೆಯ ಎತ್ತರ ಸುಮಾರು 19 ಸೆಂಟಿಮೀಟರ್, ಅಗಲ ಸುಮಾರು 34.5 ಸೆಂಟಿಮೀಟರ್. ಪರದೆಯ ಮಧ್ಯಬಿಂದುವಿಗೆ ಸರಿಯಾಗಿ 50 ಸೆಂಟಿಮೀಟರ್ ದೂರದಲ್ಲಿ ಕಣ್ಣಿಟ್ಟರೆ ಮೇಲಿನ ಅಂಚು 11 ಡಿಗ್ರಿ ಓರೆಯಲ್ಲಿ, ಕೆಳಗಿನ ಅಂಚು ಅದಕ್ಕೆ ವಿರುದ್ಧ ದಿಕ್ಕಿನ 11 ಡಿಗ್ರಿ ಓರೆಯಲ್ಲಿ ಇರುತ್ತದೆ. ಒಟ್ಟು 22 ಡಿಗ್ರಿ ವ್ಯತ್ಯಾಸ. ಅಗ್ಗದ ಟಿಎನ್ ಪ್ಯಾನೆಲ್‌ಗಳಿಗೆ ಲಂಬ ದಿಕ್ಕಿನಲ್ಲಿ ತಯಾರಕರೇ ಕೊಡುವ ಮಿತಿ ಒಂದು ಕಡೆಗೆ 10ರಿಂದ 20 ಡಿಗ್ರಿ ಮಾತ್ರ ಇರುವುದುಂಟು. ಅಂದಮೇಲೆ ತಲೆ ಅಲುಗಾಡಿಸದೆ ಕೂತರೂ ಪರದೆಯ ಎರಡು ತುದಿಗಳು ಮಿತಿಯ ಅಂಚಿನಲ್ಲೇ ಇರುತ್ತವೆ. ಒಂದೇ ಬೂದು ಬಣ್ಣದ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಎಳೆದು ನೋಡಿದರೆ ದಾರಿಯುದ್ದಕ್ಕೂ ಅದರ ಛಾಯೆ ಬದಲಾಗುವುದು ಕಣ್ಣಿಗೆ ಬೀಳುತ್ತದೆ.

ಪರದೆಗೆ ಹತ್ತಿರವಾದಷ್ಟೂ ಈ ವ್ಯತ್ಯಾಸ ಹೆಚ್ಚು. 40 ಸೆಂಟಿಮೀಟರಿಗೆ ಬಂದರೆ ಅದು 27 ಡಿಗ್ರಿಯಾಗುತ್ತದೆ. ಅಕ್ಷರ ಸರಿಯಾಗಿ ಕಾಣುತ್ತಿಲ್ಲವೆಂದು ಮುಂದಕ್ಕೆ ಬಾಗುವವರು ತಮಗರಿಯದೆ ಕೋನದ ತೊಂದರೆಯನ್ನು ಹೆಚ್ಚಿಸಿಕೊಳ್ಳುತ್ತಾರೆ.

ಟಿಎನ್ ಮಾನಿಟರಿನ ಪೆಟ್ಟಿಗೆಯ ಮೇಲೂ 170 ಡಿಗ್ರಿ ಎಂದು ಬರೆದಿರುತ್ತಾರಲ್ಲ?

ಆ ಅಂಕಿ ಸುಳ್ಳಲ್ಲ, ಆದರೆ ಅದು ಅಳೆಯುವ ಸಂಗತಿ ಬೇರೆ. ಓರೆಯಿಂದ ನೋಡಿದಾಗ ಬಿಳಿಗೂ ಕಪ್ಪಿಗೂ ನಡುವಿನ ಕಾಂಟ್ರಾಸ್ಟ್ 10:1ಕ್ಕೆ ಇಳಿಯುವ ಜಾಗವನ್ನು ಮಿತಿಯೆಂದು ಹಿಡಿಯುವುದು ವಾಡಿಕೆ. ನೇರ ನೋಟದಲ್ಲಿ ಅದೇ ಪರದೆಯ ಕಾಂಟ್ರಾಸ್ಟ್ 500:1 ಅಥವಾ 1000:1 ಇರುತ್ತದೆ. ಅಂದರೆ ಚಿತ್ರ ಸಾಕಷ್ಟು ಹಾಳಾದ ಮೇಲೂ ಆ ಕೋನವು ಲೆಕ್ಕಕ್ಕೆ ಸೇರುತ್ತದೆ, ಮತ್ತು ಬಣ್ಣ ಎಷ್ಟು ಕದಲಿತು ಎಂಬುದು ಲೆಕ್ಕಕ್ಕೆ ಬರುವುದೇ ಇಲ್ಲ. ಐಪಿಎಸ್ ಪರದೆಗೆ ಬರೆಯುವ 178 ಡಿಗ್ರಿಯನ್ನೂ ಇದೇ ಎಚ್ಚರದಿಂದ ಓದಬೇಕು.

ಕೋನ ಕಡಿಮೆಯಿರುವ ಪರದೆಯಿಂದ ಕಣ್ಣು ಶಾಶ್ವತವಾಗಿ ಹಾಳಾಗುತ್ತದೆಯೇ?

ಇಲ್ಲ. ಅದು ರೋಗ ತರುವುದಿಲ್ಲ, ದಣಿವು ತರುತ್ತದೆ. ಆ ದಣಿವು ಬರುವ ದಾರಿ ಸುತ್ತುಬಳಸಿನದಾದ್ದರಿಂದ ಜನರಿಗೆ ಸುಲಭವಾಗಿ ತಿಳಿಯುವುದಿಲ್ಲ.

ಪರದೆಯು ಒಂದೇ ಕಿರಿದಾದ ಜಾಗದಿಂದ ಮಾತ್ರ ಚೆನ್ನಾಗಿ ಕಾಣುವಾಗ ಕೂತವರು ಆ ಜಾಗಕ್ಕೆ ತಮ್ಮ ತಲೆಯನ್ನು ಕಟ್ಟಿಹಾಕಿಕೊಳ್ಳುತ್ತಾರೆ. ಬೆನ್ನು ಸ್ವಲ್ಪ ಜಾರಿದರೆ ಕಾಂಟ್ರಾಸ್ಟ್ ಇಳಿಯುತ್ತದೆ. ಇಳಿದ ಕಾಂಟ್ರಾಸ್ಟ್ ಸರಿದೂಗಿಸಲು ಬ್ರೈಟ್‌ನೆಸ್ ಏರಿಸುತ್ತಾರೆ. ಏರಿಸಿದ ಬ್ರೈಟ್‌ನೆಸ್ ಮಬ್ಬು ಕೋಣೆಯಲ್ಲಿ ಕಣ್ಣಿಗೆ ಕುಕ್ಕುತ್ತದೆ. ಕುಕ್ಕಿದಾಗ ಹುಬ್ಬು ಗಂಟಿಕ್ಕಿ, ಕಣ್ಣು ಕಿರಿದು ಮಾಡಿ ಓದುತ್ತಾರೆ. ಗಮನವಿಟ್ಟು ಪರದೆ ನೋಡುವಾಗ ರೆಪ್ಪೆ ಮಿಟುಕಿಸುವುದೂ ಕಡಿಮೆಯಾಗುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಬಾರಿ ಮಿಟುಕುವ ಕಣ್ಣು ಆಗ ಅದರ ಅರ್ಧಕ್ಕೆ ಅಥವಾ ಇನ್ನೂ ಕೆಳಕ್ಕೆ ಇಳಿಯುತ್ತದೆ, ಮಿಟುಕಿದರೂ ಎಷ್ಟೋ ಸಲ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಕಣ್ಣೀರಿನ ಪದರ ಒಣಗಿ ಉರಿ ಶುರುವಾಗುತ್ತದೆ. ಕತ್ತು, ಹಣೆ, ಕಣ್ಣು ಮೂರೂ ಒಟ್ಟಿಗೆ ನೋಯುವುದಕ್ಕೆ ಈ ಸರಪಳಿಯೇ ಕಾರಣ, ಮತ್ತು ಇದರ ಮೊದಲ ಕೊಂಡಿಯನ್ನು ಬಿಡಿಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಹಾಗಾದರೆ ಪರದೆಯನ್ನು ಹೇಗೆ ಇಟ್ಟುಕೊಳ್ಳಬೇಕು?

ಮೊದಲು ಕೂರುವ ಭಂಗಿಯನ್ನು ನಿಶ್ಚಯಿಸಿಕೊಳ್ಳಿ, ಆಮೇಲೆ ಪರದೆಯನ್ನು ಅದಕ್ಕೆ ಹೊಂದಿಸಿ. ಹೆಚ್ಚಿನವರು ಮಾಡುವುದು ಇದರ ತಿರುಗುಮುರುಗು.

ಬೆನ್ನು ಕುರ್ಚಿಗೆ ಒರಗಿರಲಿ. ಕಣ್ಣಿಗೂ ಪರದೆಗೂ 50ರಿಂದ 70 ಸೆಂಟಿಮೀಟರ್, ಅಂದರೆ ಕೈ ಚಾಚಿದರೆ ಬೆರಳ ತುದಿ ಮುಟ್ಟುವಷ್ಟು ದೂರವಿರಲಿ. ಪರದೆಯ ಮೇಲಿನ ಅಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗೆ ಬರಲಿ. ನಡುಭಾಗವನ್ನು ನೋಡುವಾಗ ದೃಷ್ಟಿ 15ರಿಂದ 20 ಡಿಗ್ರಿಯಷ್ಟು ಕೆಳಮುಖವಾಗಿದ್ದರೆ ಕತ್ತಿಗೆ ಹಿತ, ಕಣ್ಣು ಅಗಲ ತೆರೆಯುವುದೂ ಕಡಿಮೆಯಾಗಿ ತೇವ ಉಳಿಯುತ್ತದೆ. ಇನ್ನು ಮುಚ್ಚಳದ ಓರೆ. ನೋಟದ ಗೆರೆ ಪರದೆಯ ನಡುವಿಗೆ ಲಂಬವಾಗಿ ತಾಕಬೇಕು. ಲ್ಯಾಪ್‌ಟಾಪ್ ನೇರವಾಗಿ ಮೇಜಿನ ಮೇಲಿದ್ದರೆ ಕಣ್ಣು ಎತ್ತರದಲ್ಲಿರುವುದರಿಂದ ಮುಚ್ಚಳವನ್ನು ಸಾಕಷ್ಟು ಹಿಂದಕ್ಕೆ ಒರಗಿಸಬೇಕಾಗುತ್ತದೆ. ಸ್ಟ್ಯಾಂಡಿನ ಮೇಲೋ ದಪ್ಪ ಪುಸ್ತಕಗಳ ಮೇಲೋ ಏರಿಸಿದ ಮೇಲೆ ಅದೇ ಓರೆ ಉಳಿದರೆ ಕಣ್ಣು ಪರದೆಯನ್ನು ಕೆಳಗಿನಿಂದ ನೋಡಿದಂತಾಗುತ್ತದೆ, ಮತ್ತು ಟಿಎನ್ ಪ್ಯಾನೆಲ್‌ಗೆ ಅದೇ ಅತ್ಯಂತ ಕೆಟ್ಟ ದಿಕ್ಕು. ಸ್ಟ್ಯಾಂಡ್ ಕೊಂಡ ಮೇಲೆ ಪರದೆ ಇನ್ನೂ ಕಪ್ಪಾಯಿತು ಎಂಬ ದೂರಿನ ಮೂಲ ಇದು. ಏರಿಸಿದಷ್ಟೂ ಮುಚ್ಚಳವನ್ನು ಮುಂದಕ್ಕೆ, ನೆಟ್ಟಗೆ ತರಬೇಕು. ಏರಿಸಿದ ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಕೈಯೆತ್ತಿ ಟೈಪು ಮಾಡುವುದು ಹೆಗಲಿಗೆ ಕಷ್ಟ. ಪ್ರತ್ಯೇಕ ಕೀಬೋರ್ಡ್ ಮತ್ತು ಮೌಸ್ ಇಲ್ಲದಿದ್ದರೆ ಸ್ಟ್ಯಾಂಡ್ ಬೇಡ.

ಓರೆಯನ್ನು ಕರಾರುವಾಕ್ಕಾಗಿ ಹೊಂದಿಸಲು ತಿಳಿಬೂದು ಬಣ್ಣದ ಒಂದು ಚಿತ್ರವನ್ನು ಪರದೆ ತುಂಬ ತೆರೆದು, ಮೇಲಿನ ಅಂಚೂ ಕೆಳಗಿನ ಅಂಚೂ ಸಾಧ್ಯವಾದಷ್ಟು ಒಂದೇ ತೆರನಾಗಿ ಕಾಣುವವರೆಗೆ ಮುಚ್ಚಳವನ್ನು ಮೆಲ್ಲಗೆ ಆಡಿಸಬೇಕು. ಬಿಳಿ ಪುಟದಲ್ಲಿ ಈ ವ್ಯತ್ಯಾಸ ಸರಿಯಾಗಿ ತಿಳಿಯದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೆಲಸ ಮಾಡುವವರು ತೊಡೆಯ ಮೇಲಿಡುವುದಕ್ಕಿಂತ ಗಿಡ್ಡ ಕಾಲಿನ ಡೆಸ್ಕ್ ಬಳಸುವುದು ಲೇಸು. ಮಂಚದ ಮೇಲೆ ಬೋರಲು ಮಲಗಿ ನೋಡುವ ಅಭ್ಯಾಸಕ್ಕೆ ಯಾವ ಪ್ಯಾನೆಲ್ಲೂ ಒದಗಿಬರುವುದಿಲ್ಲ.

ಇಂಗ್ಲಿಷಿಗಿಂತ ಕನ್ನಡ ಓದುವಾಗಲೇ ಕಣ್ಣಿಗೆ ಹೆಚ್ಚು ಶ್ರಮವಾಗುತ್ತದೆ. ಇದು ಭ್ರಮೆಯೇ?

ಭ್ರಮೆಯಲ್ಲ, ಅದಕ್ಕೆ ಲಿಪಿಯಲ್ಲೇ ಕಾರಣವಿದೆ. ಕನ್ನಡದ ಅಕ್ಷರವು ತಲೆಕಟ್ಟು, ಮೈ, ಕೊಂಬು, ಒತ್ತು ಎಂದು ಮೇಲಿನಿಂದ ಕೆಳಗೆ ಹರಡಿಕೊಳ್ಳುತ್ತದೆ. ಅದೇ ಸಾಲಿನ ಎತ್ತರದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಸಿಗುವಷ್ಟು ಚುಕ್ಕೆಗಳು (ಪಿಕ್ಸೆಲ್‌ಗಳು) ಕನ್ನಡದ ಒತ್ತಕ್ಷರಕ್ಕೆ ಸಿಗುವುದಿಲ್ಲ. 15.6 ಇಂಚಿನ, 1366×768 ಚುಕ್ಕೆಗಳ ಪರದೆಯಲ್ಲಿ ಇಂಚಿಗೆ ಸುಮಾರು 100 ಚುಕ್ಕೆಗಳಿರುತ್ತವೆ. ಅದೇ ಗಾತ್ರದ 1920×1080 ಪರದೆಯಲ್ಲಿ ಸುಮಾರು 141. ಮೊದಲನೆಯದರಲ್ಲಿ ಸಣ್ಣ ಅಕ್ಷರದ ಪಹಣಿಯನ್ನೋ ಅರ್ಜಿಯನ್ನೋ ಓದುವಾಗ ‘ಪ’ ಮತ್ತು ‘ಷ’, ‘ಘ’ ಮತ್ತು ‘ಫ’ ಒಂದರಲ್ಲೊಂದು ಬೆರೆತಂತಾಗುತ್ತವೆ, ತ ಒತ್ತೋ ನ ಒತ್ತೋ ಎಂದು ಊಹಿಸಿ ಓದಬೇಕಾಗುತ್ತದೆ.

ಇದಕ್ಕೂ ನೋಟದ ಕೋನಕ್ಕೂ ಗಾಢವಾದ ನಂಟಿದೆ. ದುಂಡಗಿನ ಅಂಚುಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣದಿರಲೆಂದು ವಿಂಡೋಸ್ ಅಕ್ಷರದ ಸುತ್ತ ನಡುಛಾಯೆಯ ಚುಕ್ಕೆಗಳನ್ನು ತುಂಬುತ್ತದೆ. ಕನ್ನಡದಲ್ಲಿ ದುಂಡಗಿಲ್ಲದ ಅಂಚೇ ಕಡಿಮೆ. ಟಿಎನ್ ಪರದೆ ಓರೆ ನೋಟದಲ್ಲಿ ಮೊದಲು ಕೆಡಿಸುವುದು ಇದೇ ನಡುಛಾಯೆಗಳನ್ನು. ಹೀಗಾಗಿ ಪುಟದ ಕೆಳಭಾಗದಲ್ಲಿ ಅಕ್ಷರಗಳು ತೆಳ್ಳಗೆ, ಮೇಲ್ಭಾಗದಲ್ಲಿ ದಪ್ಪಗೆ ಕಾಣುತ್ತವೆ.

ಇದಕ್ಕೆ ಪರಿಹಾರಗಳು ಸರಳ. ಪುಟವನ್ನು 125 ಅಥವಾ 150 ಪ್ರತಿಶತಕ್ಕೆ ಹಿಗ್ಗಿಸಿ. ಹಳೆಯ ತುಂಗಾ ಫಾಂಟಿನ ಬದಲು ವಿಂಡೋಸ್ 8ರಿಂದೀಚೆಗೆ ಜೊತೆಗೇ ಬರುವ ನಿರ್ಮಲಾ ಯುಐ ಅಥವಾ ಉಚಿತವಾಗಿ ಸಿಗುವ ನೋಟೊ ಸಾನ್ಸ್ ಕನ್ನಡ ಬಳಸಿ. ನುಡಿ ತಂತ್ರಾಂಶದಲ್ಲಿ ಟೈಪು ಮಾಡುವವರು ಅಚ್ಚಿಗೆ ಬೇಕಾದ ಗಾತ್ರದಲ್ಲೇ ಪರದೆಯ ಮೇಲೂ ನೋಡಬೇಕೆಂಬ ನಿಯಮವೇನಿಲ್ಲ. ಜೂಮ್ ಹೆಚ್ಚಿಸಿದರೆ ಮುದ್ರಣದ ಗಾತ್ರ ಬದಲಾಗುವುದಿಲ್ಲ. ವಿಂಡೋಸ್‌ನ ಕ್ಲಿಯರ್‌ಟೈಪ್ ಹೊಂದಿಕೆಯನ್ನು, ಅಂದರೆ ಅಕ್ಷರದ ಅಂಚನ್ನು ಸ್ಪಷ್ಟಗೊಳಿಸುವ ಸೌಲಭ್ಯವನ್ನು, ಒಮ್ಮೆ ನಡೆಸುವುದೂ ಒಳ್ಳೆಯದು, ಆದರೆ ಮುಚ್ಚಳದ ಓರೆ ಸರಿಪಡಿಸಿಕೊಂಡ ನಂತರವೇ.

ಕಿಟಕಿಯ ಬೆಳಕು, ಫ್ಯಾನು, ಬ್ರೈಟ್‌ನೆಸ್ ಇವುಗಳ ಬಗ್ಗೆ ಏನು ಹೇಳುತ್ತೀರಿ?

ಅಗ್ಗದ ಲ್ಯಾಪ್‌ಟಾಪ್ ಪರದೆಗಳ ಹೊಳಪು 220ರಿಂದ 250 ನಿಟ್ಸ್ (ಪರದೆಯ ಹೊಳಪಿನ ಅಳತೆ). ಇದು ಟ್ಯೂಬ್‌ಲೈಟಿನ ಕೋಣೆಗೆ ಸಾಕು, ಜಗಲಿಗೆ ಸಾಲದು. ನೇರ ಬಿಸಿಲಿನ ಪ್ರಖರತೆ ಒಂದು ಲಕ್ಷ ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಮುಟ್ಟುತ್ತದೆ, ಕೋಣೆಯೊಳಗಿನ ದೀಪದ ಬೆಳಕು ಕೆಲವು ನೂರು ಲಕ್ಸ್ ಮಾತ್ರ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಪಶ್ಚಿಮದ ಕಿಟಕಿಗೆ ಬೆನ್ನು ಹಾಕಿ ಕೂತರೆ ಮಧ್ಯಾಹ್ನದ ಮೇಲೆ ಪರದೆಯಲ್ಲಿ ಕಾಣುವುದು ನಿಮ್ಮದೇ ಅಂಗಿ. ಕಿಟಕಿಗೆ ಎದುರಾಗಿ ಕೂತರೆ ಪರದೆಯ ಹಿಂದಿನ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಕಿಟಕಿ ಎಡಕ್ಕೋ ಬಲಕ್ಕೋ ಬರುವಂತೆ ಮೇಜನ್ನು ತಿರುಗಿಸುವುದಕ್ಕೆ ಖರ್ಚಿಲ್ಲ. ಟಿಎನ್ ಪರದೆಯವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಪ್ರತಿಫಲನ ತಪ್ಪಿಸಲು ಮುಚ್ಚಳವನ್ನು ವಾಲಿಸುವ ಸ್ವಾತಂತ್ರ್ಯ ಅವರಿಗಿಲ್ಲ; ವಾಲಿಸಿದರೆ ಚಿತ್ರವೇ ಹೋಗುತ್ತದೆ.

ಬ್ರೈಟ್‌ನೆಸ್ ಎಷ್ಟಿರಬೇಕೆಂಬುದಕ್ಕೆ ಒಂದು ಬಿಳಿ ಹಾಳೆಯನ್ನು ಪರದೆಯ ಪಕ್ಕ ಹಿಡಿಯಿರಿ. ಪರದೆಯ ಬಿಳಿ ಹಾಳೆಗಿಂತ ದೀಪದಂತೆ ಉರಿಯುತ್ತಿದ್ದರೆ ಇಳಿಸಿ, ಕೊಳೆಯಾದಂತೆ ಕಂಡರೆ ಏರಿಸಿ. ಬೆಳಗ್ಗೆಗೊಂದು ಮಟ್ಟ, ರಾತ್ರಿಗೊಂದು ಮಟ್ಟ ಬೇಕಾಗುವುದು ಸಹಜ. ಕತ್ತಲ ಕೋಣೆಯಲ್ಲಿ ಪರದೆಯೊಂದೇ ಬೆಳಗುವಂತೆ ಕೆಲಸ ಮಾಡಬೇಡಿ. ಪರದೆಯ ಹಿಂದಿನ ಗೋಡೆಗೆ ಬೆಳಕು ಬೀಳುವಂತೆ ಸಣ್ಣ ದೀಪ ಹಚ್ಚಿ.

ಫ್ಯಾನಿನ ಸಂಗತಿಯನ್ನು ಕಂಪ್ಯೂಟರ್ ಮಾರುವವರು ಹೇಳುವುದಿಲ್ಲ, ಹೇಳಬೇಕಾದದ್ದು. ಚಿತ್ರದುರ್ಗದ ಗಾಳಿ ಎಂಥದೆಂದು ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಒಣಹವೆಯ ದಿನ ಕಿಟಕಿ ತೆರೆದು, ತಲೆಯ ಮೇಲೆ ಫ್ಯಾನನ್ನೂ ಪೂರ್ತಿ ವೇಗದಲ್ಲಿ ಬಿಟ್ಟು ಪರದೆ ನೋಡಿದರೆ ಕಣ್ಣೀರಿನ ಪದರ ಬೇಗ ಆರುತ್ತದೆ. ಟೇಬಲ್ ಫ್ಯಾನಾದರೆ ಮುಖಕ್ಕಲ್ಲದೆ ಬೆನ್ನಿಗೋ ಕಾಲಿಗೋ ತಾಗುವಂತೆ ತಿರುಗಿಸಿ.

ಕರೆಂಟು ಹೋದ ತಕ್ಷಣ ಪರದೆಯ ಬಣ್ಣವೇ ಬೇರೆಯಾಗುತ್ತದೆ. ಏಕೆ?

ಬ್ಯಾಟರಿಗೆ ಬದಲಾದಾಗ ವಿಂಡೋಸ್ ಬ್ರೈಟ್‌ನೆಸ್ ತಗ್ಗಿಸುವುದು ಎಲ್ಲರಿಗೂ ಗೊತ್ತು. ಇದಲ್ಲದೆ ಇಂಟೆಲ್‌ನ ಡಿಸ್‌ಪ್ಲೇ ಪವರ್ ಸೇವಿಂಗ್, ಎಎಂಡಿಯ ವ್ಯಾರಿ-ಬ್ರೈಟ್ ಎಂಬ ಸೌಲಭ್ಯಗಳು ಹಿಂಬದಿ ದೀಪವನ್ನು ಮಂಕು ಮಾಡಿ, ಅದನ್ನು ಮುಚ್ಚಿಹಾಕಲು ಚಿತ್ರದ ಛಾಯೆಗಳನ್ನು ತಾವೇ ತಿದ್ದುತ್ತವೆ. ಬಿಳಿ ಪುಟದಿಂದ ಕಪ್ಪು ಪುಟಕ್ಕೆ ಹೋದಾಗ ಪರದೆ ಮೆಲ್ಲಗೆ ಉಸಿರಾಡಿದಂತೆ ಹೊಳಪು ಬದಲಾಗುವುದು ಇದರಿಂದಲೇ. ಮೊದಲೇ ಅಸ್ಥಿರವಾದ ಟಿಎನ್ ಪರದೆಯಲ್ಲಿ ಇದು ಕಿರಿಕಿರಿ. ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಇವನ್ನು ಆರಿಸಬಹುದು. ವಿಂಡೋಸ್ 11ರ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲೂ, ಪುಟದಲ್ಲಿರುವುದಕ್ಕೆ ತಕ್ಕಂತೆ ಹೊಳಪು ಬದಲಿಸುವ ಆಯ್ಕೆಯನ್ನು ತೆಗೆದುಹಾಕಲು ಅವಕಾಶವಿದೆ. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ, ಅಷ್ಟೇ.

ಚಾಳೀಸು ಬಂದವರು ಏನು ಗಮನಿಸಬೇಕು?

ನಲವತ್ತರ ಆಸುಪಾಸಿನಲ್ಲಿ ಕಣ್ಣಿನ ಮಸೂರದ ಬಾಗುವ ಶಕ್ತಿ ತಗ್ಗುತ್ತದೆ. ಆಗ ಕೊಡುವ ಓದುಗನ್ನಡಕವನ್ನು ಸುಮಾರು 40 ಸೆಂಟಿಮೀಟರ್ ದೂರದ ಪುಸ್ತಕಕ್ಕೆ ಹೊಂದಿಸಿರುತ್ತಾರೆ. ಲ್ಯಾಪ್‌ಟಾಪ್ ಇರುವುದು 60 ಸೆಂಟಿಮೀಟರ್ ದೂರದಲ್ಲಿ. 40 ಸೆಂಟಿಮೀಟರಿಗೆ ಕಣ್ಣು ಒಟ್ಟು 2.5 ಡಯಾಪ್ಟರ್ (ಮಸೂರದ ಪವರ್ ಅಳೆಯುವ ಮಾನ) ಶಕ್ತಿ ಬಳಸಬೇಕಾದರೆ 60 ಸೆಂಟಿಮೀಟರಿಗೆ ಸುಮಾರು 1.7 ಸಾಕು. ಪುಸ್ತಕದ ಕನ್ನಡಕ ಹಾಕಿಕೊಂಡೇ ಪರದೆ ನೋಡುವವರು ಅದಕ್ಕಾಗಿ ಮುಂದಕ್ಕೆ ಬಾಗಲೇಬೇಕಾಗುತ್ತದೆ, ಬಾಗಿದರೆ ಮೇಲೆ ಹೇಳಿದ ಕೋನದ ಲೆಕ್ಕವೂ ಕೆಡುತ್ತದೆ. ಎರಡು ಭಾಗದ ಅಥವಾ ಪ್ರೊಗ್ರೆಸಿವ್ ಕನ್ನಡಕದವರು ಕೆಳಗಿನ ಭಾಗದ ಮೂಲಕ ನೋಡಲು ಗಲ್ಲ ಎತ್ತಿ ಕೂರುತ್ತಾರೆ. ಸಂಜೆಗೆ ಅವರ ಕತ್ತು ಹಿಡಿದುಕೊಂಡಿರುತ್ತದೆ. ಅಂಥವರು ಪರದೆಯನ್ನು ಉಳಿದವರಿಗಿಂತ ಕೆಳಗೆ ಇಟ್ಟುಕೊಂಡು ಮುಚ್ಚಳವನ್ನು ಹಿಂದಕ್ಕೆ ಒರಗಿಸುವುದು ಮೇಲು. ತಪಾಸಣೆಗೆ ಹೋಗುವ ಮುನ್ನ ಕಣ್ಣಿಗೂ ಪರದೆಗೂ ಇರುವ ದೂರವನ್ನು ಟೇಪಿನಿಂದ ಅಳೆದು ವೈದ್ಯರಿಗೆ ತಿಳಿಸಿದರೆ ಆ ದೂರಕ್ಕೇ ಹೊಂದುವ ಕನ್ನಡಕ ಬರೆದುಕೊಡುತ್ತಾರೆ. ಈ ಒಂದು ಮಾತು ಹೇಳದೆ ಬಂದು ಮತ್ತೆ ಮತ್ತೆ ಕನ್ನಡಕ ಬದಲಿಸುವವರಿದ್ದಾರೆ.

ನೀಲಿ ಬೆಳಕು ತಡೆಯುವ ಕನ್ನಡಕ ಕೊಳ್ಳಬೇಕೇ?

ಕಣ್ಣಿನ ದಣಿವಿಗಾಗಿಯಾದರೆ ಬೇಡ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆಯು 17 ಪ್ರಯೋಗಗಳನ್ನು ಪರಿಶೀಲಿಸಿ, ಇಂಥ ಮಸೂರಗಳಿಂದ ಕಂಪ್ಯೂಟರ್ ಬಳಕೆಯ ದಣಿವು ಅಲ್ಪಾವಧಿಯಲ್ಲಿ ಕಡಿಮೆಯಾಗುವಂತೆ ಕಾಣುವುದಿಲ್ಲ ಎಂದಿತು. ಅಮೆರಿಕದ ನೇತ್ರವೈದ್ಯರ ಅಕಾಡೆಮಿಯೂ ಇವನ್ನು ಶಿಫಾರಸು ಮಾಡುವುದಿಲ್ಲ. ಹಗಲಿನ ಆಕಾಶದಿಂದ ಬರುವ ನೀಲಿ ಬೆಳಕಿನ ಮುಂದೆ ಪರದೆಯದು ಅತ್ಯಲ್ಪ. ರಾತ್ರಿ ತಡವಾಗಿ ಉಜ್ವಲ ಪರದೆ ನೋಡುವುದು ನಿದ್ದೆಗೆ ಅಡ್ಡಿಯಾಗಬಹುದು. ಅದಕ್ಕೆ ವಿಂಡೋಸ್‌ನಲ್ಲೇ ಇರುವ ನೈಟ್ ಲೈಟ್ ಆಯ್ಕೆ ಇದೆ, ಅದರ ಬೆಲೆ ಸೊನ್ನೆ. ಕನ್ನಡಕಕ್ಕೆ ಆ ಲೇಪನ ಸೇರಿಸಿ ಹೆಚ್ಚು ಹಣ ಕೇಳಿದಾಗ ನಯವಾಗಿ ಬೇಡವೆನ್ನಬಹುದು.

20-20-20 ನಿಯಮದಿಂದ ಉಪಯೋಗವಿದೆಯೇ?

ಇದೆ. 20 ನಿಮಿಷಕ್ಕೊಮ್ಮೆ, 20 ಅಡಿ ಆಚೆಗೆ, 20 ಸೆಕೆಂಡು ನೋಡಬೇಕೆಂಬ ಈ ಸೂತ್ರವನ್ನು ಅಮೆರಿಕದ ದೃಷ್ಟಿತಜ್ಞ ಜೆಫ್ರಿ ಆನ್ಶೆಲ್ 1990ರ ದಶಕದಲ್ಲಿ ನೆನಪಿಡಲು ಸುಲಭವಾಗಲೆಂದು ರೂಪಿಸಿದರು. 20 ಅಡಿ ಎಂದರೆ ಸುಮಾರು 6 ಮೀಟರ್. ಆ ದೂರಕ್ಕೆ ಕಣ್ಣಿನ ಸ್ನಾಯು ಬಹುಮಟ್ಟಿಗೆ ಸಡಿಲಗೊಳ್ಳುತ್ತದೆ. ಸಣ್ಣ ಕೋಣೆಯಲ್ಲಿ ಅಷ್ಟು ದೂರ ಸಿಗದಿದ್ದರೆ ಕಿಟಕಿಯಾಚೆಯ ಬೇವಿನ ಮರ ಸಾಕು. ಮೊಬೈಲ್ ತೆಗೆದು ನೋಡುವುದು ವಿರಾಮವಲ್ಲ.

ಅಂಗಡಿಯಲ್ಲಿ ಕೊಳ್ಳುವಾಗ ಟಿಎನ್ ಯಾವುದು, ಐಪಿಎಸ್ ಯಾವುದು ಎಂದು ಪತ್ತೆ ಹಚ್ಚುವುದು ಹೇಗೆ?

ಕೇಳುವುದಕ್ಕಿಂತ ನೋಡುವುದು ಮೇಲು. ಎಲ್‌ಇಡಿ ಡಿಸ್‌ಪ್ಲೇ, ಫುಲ್ ಎಚ್‌ಡಿ, ಆ್ಯಂಟಿ-ಗ್ಲೇರ್ ಎಂಬ ಮೂರು ಮಾತುಗಳಲ್ಲಿ ಯಾವುದೂ ಪ್ಯಾನೆಲ್ ಬಗೆಯನ್ನು ಹೇಳುವುದಿಲ್ಲ. ಫುಲ್ ಎಚ್‌ಡಿ ಇದ್ದೂ ಟಿಎನ್ ಆಗಿರುವ ಪರದೆಗಳು ಸಾಕಷ್ಟಿವೆ. ಮನುಷ್ಯರ ಮುಖವಿರುವ ಒಂದು ಫೋಟೋ ಪರದೆ ತುಂಬ ತೆರೆಸಿ, ಎದುರು ನಿಂತು ಮುಚ್ಚಳವನ್ನು ಪೂರ್ತಿ ಹಿಂದಕ್ಕೆ ಒರಗಿಸಿ, ನಂತರ ನಿಧಾನವಾಗಿ ಮುಂದಕ್ಕೆ ಬಾಗಿಸಿ. ಮುಖದ ಬಣ್ಣ ಒಂದು ತುದಿಯಲ್ಲಿ ಮಸಿಯಾಗಿ, ಇನ್ನೊಂದು ತುದಿಯಲ್ಲಿ ಸುಣ್ಣ ಬಳಿದಂತಾದರೆ ಅದು ಟಿಎನ್. ಹೊಳಪು ತುಸು ತಗ್ಗಿದರೂ ಮುಖ ಮುಖವಾಗಿಯೇ ಉಳಿದರೆ ಐಪಿಎಸ್.

ಕಾಗದದ ಮೇಲಿನ ಸಂಕೇತಗಳಲ್ಲೂ ಸುಳಿವಿದೆ. ಎಚ್‌ಪಿಯ ವಿವರಪಟ್ಟಿಗಳಲ್ಲಿ ಎಸ್‌ವಿಎ ಎಂದಿದ್ದರೆ ಸಾಮಾನ್ಯ ಕೋನ, ಯುಡಬ್ಲ್ಯುವಿಎ ಎಂದಿದ್ದರೆ ವಿಶಾಲ ಕೋನ. ಡೆಲ್ ವಿಶಾಲ ಕೋನಕ್ಕೆ ಡಬ್ಲ್ಯುವಿಎ ಎಂದು ಬರೆಯುತ್ತದೆ. ಎಎಚ್‌ವಿಎ ಎಂಬುದನ್ನು ಕಂಡು ವಿಎ ಎಂದು ತಿಳಿಯಬಾರದು, ಅದು ಎಯು ಆಪ್ಟ್ರಾನಿಕ್ಸ್ ತಯಾರಿಸುವ ಐಪಿಎಸ್ ಬಗೆಯದೇ. ಈಗಾಗಲೇ ಮನೆಯಲ್ಲಿರುವ ಲ್ಯಾಪ್‌ಟಾಪಿನದಾದರೆ ಎಚ್‌ಡಬ್ಲ್ಯುಇನ್ಫೋದಂಥ ಉಚಿತ ತಂತ್ರಾಂಶವು ಪ್ಯಾನೆಲ್‌ನ ಮಾದರಿ ಸಂಖ್ಯೆಯನ್ನು ತೋರಿಸುತ್ತದೆ, ಅದನ್ನು ಹುಡುಕಿದರೆ ಬಗೆ ತಿಳಿಯುತ್ತದೆ.

ಹಣ ಕಡಿಮೆಯಿದ್ದು ಆಯ್ಕೆ ಮಾಡಲೇಬೇಕಾದರೆ ಒಂದು ಮೆಟ್ಟಿಲು ಕೆಳಗಿನ ಪ್ರೊಸೆಸರ್ ಮತ್ತು ಒಳ್ಳೆಯ ಪರದೆಯನ್ನು ಆರಿಸಿ. ಮೆಮೊರಿ, ಎಸ್‌ಎಸ್‌ಡಿಗಳನ್ನು ಎಷ್ಟೋ ಮಾದರಿಗಳಲ್ಲಿ ಆಮೇಲೆ ಏರಿಸಿಕೊಳ್ಳಬಹುದು. ಪರದೆಯನ್ನಂತೂ ದಿನವಿಡೀ ನೋಡುತ್ತಿರಬೇಕು.

ಓಎಲ್‌ಇಡಿ ಪರದೆ ಎಲ್ಲಕ್ಕಿಂತ ಉತ್ತಮವಲ್ಲವೇ?

ಕೋನದ ಮಟ್ಟಿಗೆ ಹೌದು. ಅದರಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುವುದರಿಂದ ಓರೆ ನೋಟದಲ್ಲಿ ತುಸು ಬಣ್ಣದ ಛಾಯೆ ಬಿಟ್ಟರೆ ಬೇರೆ ದೋಷ ಕಾಣದು. ಆದರೆ ಹಲವು ಓಎಲ್‌ಇಡಿ ಲ್ಯಾಪ್‌ಟಾಪ್‌ಗಳು ಬ್ರೈಟ್‌ನೆಸ್ ಇಳಿಸಲು ಬೆಳಕನ್ನು ಅತಿವೇಗವಾಗಿ ಆರಿಸಿ ಹೊತ್ತಿಸುವ ಪಿಡಬ್ಲ್ಯುಎಂ ವಿಧಾನ ಬಳಸುತ್ತವೆ, ಕೆಲವುಗಳಲ್ಲಿ ಸೆಕೆಂಡಿಗೆ 240 ಬಾರಿ. ಕಣ್ಣಿಗೆ ಮಿಣುಕು ಕಾಣದಿದ್ದರೂ ಕೆಲವರಿಗೆ ಇದರಿಂದ ತಲೆನೋವು ಬರುತ್ತದೆ. ಹಳೆಯ ಅಗ್ಗದ ಎಲ್‌ಸಿಡಿಗಳಲ್ಲೂ ಇದು ಇತ್ತು. ಮೊಬೈಲ್ ಕ್ಯಾಮೆರಾದ ಸ್ಲೋ ಮೋಷನ್‌ನಲ್ಲಿ ಬಿಳಿ ಪುಟವನ್ನು ಚಿತ್ರೀಕರಿಸಿದಾಗ ಕಪ್ಪು ಪಟ್ಟೆಗಳು ಹರಿದಾಡಿದರೆ ಮಿಣುಕು ಇದೆಯೆಂದರ್ಥ. ಓಎಲ್‌ಇಡಿ ಪರದೆಗಳು ಸಾಮಾನ್ಯವಾಗಿ ಹೊಳಪು ಗಾಜಿನವಾದ್ದರಿಂದ ಕಿಟಕಿಯ ಪ್ರತಿಫಲನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇರುವ ಟಿಎನ್ ಪರದೆಯನ್ನು ತೆಗೆಸಿ ಐಪಿಎಸ್ ಹಾಕಿಸಬಹುದೇ?

ಎಷ್ಟೋ ಮಾದರಿಗಳಲ್ಲಿ ಸಾಧ್ಯ, ಎಲ್ಲದರಲ್ಲಿ ಅಲ್ಲ. ಪರದೆಯ ಅಳತೆ ಮತ್ತು ಸ್ಕ್ರೂ ಪಟ್ಟಿಗಳಿರುವ ಜಾಗ ಹೊಂದಬೇಕು, ಹಿಂಬದಿಯ ಕನೆಕ್ಟರ್ 30 ಪಿನ್ನಿನದೋ 40 ಪಿನ್ನಿನದೋ ನೋಡಬೇಕು. ಸಾಮಾನ್ಯ ಎಚ್‌ಡಿ ಮತ್ತು ಫುಲ್ ಎಚ್‌ಡಿ ಪ್ಯಾನೆಲ್‌ಗಳೆರಡೂ ಪರದೆಗೆ ಚಿತ್ರ ಕಳಿಸುವ ಈಗಿನ ಜೋಡಣೆಯಾದ 30 ಪಿನ್ನಿನ ಇಡಿಪಿಯಲ್ಲಿ ಬರುತ್ತವೆ, ಆದರೆ ಫುಲ್ ಎಚ್‌ಡಿಗೆ ಎರಡು ಲೇನ್ (ಚಿತ್ರದ ಮಾಹಿತಿ ಸಾಗುವ ತಂತಿಜೋಡಿ) ಬೇಕು. ಎಚ್‌ಡಿ ಮಾದರಿಯ ಕೆಲವು ಲ್ಯಾಪ್‌ಟಾಪ್‌ಗಳ ಕೇಬಲ್ಲಿನಲ್ಲಿ ಒಂದೇ ಲೇನಿನ ತಂತಿ ಇರುತ್ತದೆ. ಅಂಥದರಲ್ಲಿ ಕೇಬಲ್ಲನ್ನೂ ಬದಲಿಸಬೇಕು. ಹಳೆಯ ಎಲ್‌ವಿಡಿಎಸ್ ಜೋಡಣೆಯ ಲ್ಯಾಪ್‌ಟಾಪಿಗೆ ಇಡಿಪಿ ಪ್ಯಾನೆಲ್ ಹೊಂದುವುದೇ ಇಲ್ಲ. ದುರಸ್ತಿ ಅಂಗಡಿಯವರು ಮಾದರಿ ಸಂಖ್ಯೆ ನೋಡದೆ ಆಗುತ್ತದೆ ಎಂದುಬಿಟ್ಟರೆ ಅನುಮಾನಿಸಿ. ವಾರಂಟಿ ಇರುವಾಗ ಕೈಹಾಕಬೇಡಿ.

ಒಂದೇ ಜಾಗದಲ್ಲಿ ಕೂತು ಕೆಲಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ದಾರಿ 22 ಅಥವಾ 24 ಇಂಚಿನ ಐಪಿಎಸ್ ಮಾನಿಟರ್. ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದರೆ ಮುಗಿಯಿತು. ಅಕ್ಷರ ದೊಡ್ಡದಾಗುತ್ತದೆ, ದೂರ ಹೆಚ್ಚುತ್ತದೆ, ಕತ್ತು ಏಳುತ್ತದೆ. ಡಿಟಿಪಿ ಮಾಡುವವರಿಗೆ ನಾವು ಬೇರೆ ಸಲಹೆ ಕೊಡುವುದೇ ಇಲ್ಲ.

ಪ್ರಾಜೆಕ್ಟಿಗೆಂದು ನಾಲ್ಕು ಜನ ಒಂದೇ ಲ್ಯಾಪ್‌ಟಾಪ್ ಸುತ್ತ ಕೂರುತ್ತೇವೆ. ಏನು ಮಾಡಬೇಕು?

ಹಾಸ್ಟೆಲಿನ ಟಿವಿಗೋ ಕಾಲೇಜಿನ ಪ್ರೊಜೆಕ್ಟರಿಗೋ ಜೋಡಿಸಿ. ಅದಾಗದಿದ್ದರೆ ಅಕ್ಕಪಕ್ಕ ಕೂರಿ, ಹಿಂದೆ ನಿಲ್ಲಬೇಡಿ. ಟಿಎನ್ ಪರದೆ ಅಡ್ಡ ದಿಕ್ಕಿನಲ್ಲಿ ಸಹಿಸುವಷ್ಟು ಓರೆಯನ್ನು ಲಂಬ ದಿಕ್ಕಿನಲ್ಲಿ ಸಹಿಸುವುದಿಲ್ಲ.

ಪಕ್ಕದವರಿಗೆ ಕಾಣದಂತೆ ಮಾಡುವ ಪ್ರೈವೆಸಿ ಫಿಲ್ಟರ್ ಕಣ್ಣಿಗೆ ಒಳ್ಳೆಯದೇ?

ಅದು ಕೋನವನ್ನು ಬೇಕೆಂದೇ ಕಿರಿದು ಮಾಡುವ ಹಾಳೆ. ಎರಡೂ ಬದಿಗೆ ಸುಮಾರು 30 ಡಿಗ್ರಿಯಾಚೆ ಪರದೆ ಕಪ್ಪಾಗುತ್ತದೆ, ಎದುರಿನವರಿಗೂ ಹೊಳಪು ತಗ್ಗುತ್ತದೆ. ಬ್ಯಾಂಕಿನ ಅಥವಾ ಕಕ್ಷಿದಾರರ ದಾಖಲೆ ನೋಡುವವರಿಗೆ ಅವಶ್ಯಕ, ಕಣ್ಣಿನ ಆರಾಮಕ್ಕಾಗಿ ಕೊಳ್ಳುವ ವಸ್ತುವಲ್ಲ.

ಯಾವಾಗ ಇದನ್ನೆಲ್ಲ ಬಿಟ್ಟು ವೈದ್ಯರ ಬಳಿಗೆ ಹೋಗಬೇಕು?

ಪರದೆ, ಬೆಳಕು, ದೂರ ಸರಿಪಡಿಸಿ ಎರಡು ಮೂರು ವಾರ ಕಳೆದರೂ ತಲೆನೋವು ಅಥವಾ ಕಣ್ಣುರಿ ತಗ್ಗದಿದ್ದರೆ ಹೋಗಿ. ಗುರುತಿಸದೆ ಉಳಿದ ಸಣ್ಣ ಪವರ್, ಅದರಲ್ಲೂ ಸಿಲಿಂಡರ್ ಪವರ್ (ಕಣ್ಣಿನ ಮೇಲ್ಮೈ ಎಲ್ಲ ದಿಕ್ಕಿಗೂ ಸಮನಾಗಿ ಬಾಗಿರದ ದೋಷಕ್ಕೆ ಕೊಡುವ ಪವರ್), ಹೀಗೆಯೇ ಕಾಡುತ್ತದೆ. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಇರುವವರು ದೂರಿಲ್ಲದಿದ್ದರೂ ನಿಗದಿತವಾಗಿ ತಪಾಸಣೆ ಮಾಡಿಸಬೇಕು, ಏಕೆಂದರೆ ಗ್ಲುಕೋಮಾ ಮತ್ತು ಸಕ್ಕರೆ ಕಾಯಿಲೆಯ ಅಕ್ಷಿಪಟಲದ ಹಾನಿ ಆರಂಭದಲ್ಲಿ ನೋವು ಕೊಡುವುದಿಲ್ಲ. ಒಂದು ವಸ್ತು ಎರಡಾಗಿ ಕಾಣುವುದು, ದೃಷ್ಟಿ ಹಠಾತ್ತನೆ ಮಂಜಾಗುವುದು, ಮಿಂಚು ಹೊಡೆದಂತೆ ಬೆಳಕು ಕಾಣುವುದು, ಕಪ್ಪು ಚುಕ್ಕೆಗಳ ಮಳೆ ಒಮ್ಮೆಲೇ ಶುರುವಾಗುವುದು, ಕಣ್ಣು ಕೆಂಪಾಗಿ ಬಹಳ ನೋಯುವುದು, ಇವುಗಳಿಗೆ ಲ್ಯಾಪ್‌ಟಾಪ್ ಕಾರಣವಲ್ಲ. ಇವುಗಳಲ್ಲಿ ಒಂದು ಕಂಡರೂ ಮರುದಿನಕ್ಕೆ ಮುಂದೂಡದೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ ಅಥವಾ ಹತ್ತಿರದ ನೇತ್ರತಜ್ಞರಲ್ಲಿಗೆ ಅದೇ ದಿನ ಹೋಗಬೇಕು. ಹೋಗುವಾಗ ಈಗ ಬಳಸುತ್ತಿರುವ ಕನ್ನಡಕ ಮತ್ತು ಹಳೆಯ ಚೀಟಿಯನ್ನು ಒಯ್ಯಿರಿ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಹತ್ತಿರದ್ದು ಮಂಜಾಗಿರುವುದರಿಂದ ಬೈಕ್ ಓಡಿಸಿಕೊಂಡು ಬರಲು ಜೊತೆಗೊಬ್ಬರಿರಲಿ.